ನಮ್ಮ ಹೆಸರಿನ ತಂಪು

ಹಾಲಪ್ಪನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಡಯಾಲಿಸಿಸ್ ಮುಗಿಸಿ ಬಂದ ದಿನಗಳಲ್ಲಂತೂ ಕೃಷ್ಣವೇಣಿ ಹಿಂದೆ ನಿಂತು, ಎರಡೂ ಕೈಯಲ್ಲಿ ಗಂಡನ ಸೊಂಟ ಹಿಡಿದು ಮೇಲಕ್ಕೆ ತಳ್ಳುತ್ತಿದ್ದಳು. ಪಕ್ಕದ ಕಬ್ಬಿಣದ ಕಂಬಿ ಬಿಸಿಲಿಗೆ ಕಾದು ಸುಡುತ್ತಿತ್ತು. ಹಾಲಪ್ಪ ಕೈಗೆ ಒದ್ದೆ ಟವೆಲ್ ಸುತ್ತಿಕೊಂಡು ಅದನ್ನು ಹಿಡಿಯುತ್ತಿದ್ದ. ಅರ್ಧಕ್ಕೆ ನಿಂತು ಉಸಿರು ಬಿಡುತ್ತಿದ್ದ. ಮತ್ತೆ ಹತ್ತುತ್ತಿದ್ದ. ಮೇಲೆ ಬಾಗಿಲು ತೆಗೆದರೆ ಹೊರಗಿನದಕ್ಕಿಂತ ಹೆಚ್ಚಿನ ಸೆಕೆ ಮುಖಕ್ಕೆ ಹೊಡೆಯುತ್ತಿತ್ತು.

ಅದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ, ಡಾಕ್ಟರ್ ಸತೀಶನ ಮನೆಯ ಹಿಂಬದಿಗೆ ಅಂಟಿದ ಗ್ಯಾರೇಜು. ಕೆಳಗೆ ಕಾರುಗಳು. ಮೇಲೆ ಒಂದು ಕೋಣೆ. ಆ ಕೋಣೆಯ ಬಾಡಿಗೆಗೆ ಬದಲಾಗಿ ಕೃಷ್ಣವೇಣಿ ದೊಡ್ಡ ಮನೆ ಗುಡಿಸಿ ಒರೆಸುತ್ತಿದ್ದಳು. ಬಾತ್‌ರೂಮುಗಳನ್ನು ತಿಕ್ಕುತ್ತಿದ್ದಳು. ಬಟ್ಟೆ ಮಡಚುತ್ತಿದ್ದಳು. ಉಳಿದ ಹೊತ್ತಿನಲ್ಲಿ ಜೋಳದ ರೊಟ್ಟಿ ಬಡಿದು ಸುತ್ತಲಿನ ಕನ್ನಡದ ಮನೆಗಳಿಗೆ ಮಾರುತ್ತಿದ್ದಳು. ಹಾಲಪ್ಪ ಹಿಲ್‌ಕ್ರಾಫ್ಟ್ ರಸ್ತೆಯ ಹೋಟೆಲಿನಲ್ಲಿ ವರ್ಷಗಟ್ಟಲೆ ದೋಸೆಯ ಹಂಚಿನ ಮುಂದೆ ನಿಂತು ದುಡಿದವನು. ಹೋಟೆಲಿನವನೇ ಇಬ್ಬರನ್ನೂ ರಾಣೆಬೆನ್ನೂರಿನಿಂದ ಕರೆಸಿಕೊಂಡಿದ್ದ. ಕಿಡ್ನಿ ಹೋದ ಮೇಲೆ ಅವನೇ "ರೆಸ್ಟ್ ತಗೋ" ಎಂದು ಕಳಿಸಿದ.

ಮೊದಲು ದೊಡ್ಡ ಮನೆಯ ಅಡುಗೆಯೂ ಕೃಷ್ಣವೇಣಿಯದೇ ಆಗಿತ್ತು. ಒಂದು ದಿನ ಅವಳು ಬೀನ್ಸ್ ಹೆಚ್ಚುತ್ತಿದ್ದಾಗ ಸತೀಶನ ಹೆಂಡತಿ ತ್ರಿವೇಣಿ ಕೇಳಿದಳು: "ಹಾಲಪ್ಪ ಅಂದ್ರೆ, ನೀವು ಲಿಂಗಾಯತರಾ?"

"ಅಲ್ರಿ ಅಕ್ಕಾರ. ನಾವು ಕೇರಿ ಮಂದಿ."

ಮರುವಾರ ಅಡುಗೆಗೆ ಬೇರೆಯವರು ಬಂದರು. "ನಿನಗ್ಯಾಕೆ ಅಷ್ಟೊಂದು ಕೆಲಸ? ಬಾತ್‌ರೂಮ್, ಫ್ಲೋರ್ ನೋಡ್ಕೋ ಸಾಕು" ಎಂದಳು ತ್ರಿವೇಣಿ. ದೇವರ ಕೋಣೆ ಒರೆಸುವುದೂ ತಪ್ಪಿತು. ಕೃಷ್ಣವೇಣಿಗೆ ಎಲ್ಲ ಅರ್ಥವಾಯಿತು. ಊರು ಬಿಟ್ಟರೂ ಇದು ಬಿಡಲಿಲ್ಲವಲ್ಲ ಎಂದು ಹಾಲಪ್ಪನ ಮುಂದೆ ಅತ್ತಳು. ಆದರೆ ಡಯಾಲಿಸಿಸ್ ಸೆಂಟರ್ ಆ ಮನೆಯಿಂದ ನಡೆಯುವಷ್ಟು ಹತ್ತಿರವಿತ್ತು. ಮುಖ ತೊಳೆದುಕೊಂಡು ಬಾತ್‌ರೂಮ್ ತಿಕ್ಕಲು ಹೋದಳು.

ಬೇಸಿಗೆ ಶುರುವಾಗುವಾಗಲೇ ಕೋಣೆಯ ಕಿಟಕಿಗೆ ಕೂರಿಸಿದ್ದ ಹಳೇ ಎಸಿ ಕೆಟ್ಟಿತು. ತ್ರಿವೇಣಿ ಒಂದು ಟೇಬಲ್ ಫ್ಯಾನ್ ಕೊಟ್ಟಳು. ಅದು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಡಯಾಲಿಸಿಸ್ ಆಗುವವನು ಬಾಯಾರಿದಷ್ಟು ನೀರು ಕುಡಿಯುವಂತಿಲ್ಲ. ಹಾಲಪ್ಪ ಐಸಿನ ಚೂರು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದ. ತುಟಿ ಒಡೆದಿತ್ತು. ಕಾಲು ಊದಿತ್ತು. ಅದೇ ಕೋಣೆಯಲ್ಲಿ ಒಲೆ ಹಚ್ಚಿ ರೊಟ್ಟಿ ಬೇಯಿಸಬೇಕಿತ್ತು. ಅವಳು ಹಂಚು ಇಟ್ಟಾಗ ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ, ಗ್ಯಾರೇಜಿನ ನೆರಳು ಬಿದ್ದ ಕಡೆ ಕುಕ್ಕರಿಸುತ್ತಿದ್ದ. ಅವಳು ಬೆವರು ಹಿಟ್ಟಿಗೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು.

ಆಗ ಒಂದು ಭಾನುವಾರ ಸತೀಶ ತಾನೇ ಮೆಟ್ಟಿಲು ಹತ್ತಿ ಬಂದ. ಅವರು ಅಲ್ಲಿ ಇರಲು ಬಂದ ಮೇಲೆ ಅವನು ಆ ಕೋಣೆಗೆ ಕಾಲಿಟ್ಟಿದ್ದು ಅದೇ ಮೊದಲು. ಇದ್ದ ಒಂದು ಕುರ್ಚಿಯನ್ನು ಹಾಲಪ್ಪ ಬಿಟ್ಟುಕೊಟ್ಟ.

"ಹಾಲಪ್ಪ, ಹೇಗಿದೀಯ? ಅಬ್ಬಾ, ಇಲ್ಲಿ ಏನಯ್ಯಾ ಇಷ್ಟು ಬಿಸಿ! ನೋಡು, ನಿಮಗೊಂದು ಒಳ್ಳೆ ಸುದ್ದಿ. ಹೀಟ್ ಪಂಪ್ ಅಂತ ಒಂದು ಬಂದಿದೆ."

"ಹೀಟ್ ಯಾಕ್ರಿ ಸಾಹೇಬ್ರ, ಇರೂ ಹೀಟೇ ಸಾಕಾಗೇತಿ" ಎಂದ ಹಾಲಪ್ಪ.

ಸತೀಶ ನಕ್ಕ. "ಹೆಸರು ಹಾಗೆ ಕಣಯ್ಯ. ಬೇಸಿಗೇಲಿ ಒಳಗಿನ ಬಿಸೀನ ಎಳೆದು ಹೊರಗೆ ಹಾಕುತ್ತೆ. ಚಳಿಗಾಲದಲ್ಲಿ ಹೊರಗಿನ ಬಿಸೀನ ಒಳಗೆ ತರುತ್ತೆ. ಕರೆಂಟ್ ಕಮ್ಮಿ. ಕಡಿಮೆ ಆದಾಯದವರು ಇರೋ ಮನೆಗೆ ಹಾಕಿಸಿದ್ರೆ ಸರ್ಕಾರವೇ ಹೆಚ್ಚುಕಮ್ಮಿ ಪೂರ್ತಿ ಸಹಾಯಧನ ಕೊಡುತ್ತೆ. ಬಾಡಿಗೆ ಮನೆಗೂ ಕೊಡುತ್ತೆ. ನಿಮ್ಮಿಬ್ಬರ ಹೆಸರು ಕೊಡಬೇಕು, ಆದಾಯ ತೋರಿಸಬೇಕು, ಅಷ್ಟೆ."

"ಈ ಖೋಲಿಗೆ ಹಾಕಸ್ತೀರೇನ್ರಿ?" ಕೃಷ್ಣವೇಣಿ ಕೇಳಿದಳು.

"ಮತ್ತೆ? ನಿಮಗೋಸ್ಕರ ತಾನೆ ಇದೆಲ್ಲ!"

ಎಷ್ಟಾದರೂ ಡಾಕ್ಟರು, ರೋಗಿಯ ಕಷ್ಟ ಗೊತ್ತಾಗದೆ ಇರುತ್ತದೆಯೆ ಅಂದುಕೊಂಡಳು ಕೃಷ್ಣವೇಣಿ. ಸತೀಶ ತೋರಿಸಿದಲ್ಲೆಲ್ಲ ಇಬ್ಬರೂ ಸಹಿ ಹಾಕಿದರು. ಆ ಸಂಜೆ ಅವಳು ಯಾರೂ ಹೇಳದೆಯೇ ದೊಡ್ಡ ಮನೆಯ ಕಿಟಕಿಗಳನ್ನೆಲ್ಲ ಒರೆಸಿಕೊಟ್ಟಳು.

ಕೆಲಸ ಮಾಡಿಸಲು ಡಲ್ಲಾಸಿನಿಂದ ಪ್ರಹ್ಲಾದ್ ಬಂದ. ಮೊದಲು ಸಾಫ್ಟ್‌ವೇರಿನಲ್ಲಿದ್ದವನು, ಈಗ ಈ ಯಂತ್ರಗಳನ್ನು ಕೂರಿಸುವ ಕಂಪನಿ ನಡೆಸುತ್ತಿದ್ದ. ಅವನ ಆಳುಗಳು ದೊಡ್ಡ ಮನೆಯ ಪಕ್ಕದಲ್ಲಿ ಸಿಮೆಂಟಿನ ಹಾಸು ಹಾಕಿ ಎದೆಯೆತ್ತರದ ಯಂತ್ರ ನಿಲ್ಲಿಸಿದರು. ಅಟ್ಟಕ್ಕೆ ಹತ್ತಿ ಇಳಿದು ಪೈಪು ಎಳೆದರು. ಕೃಷ್ಣವೇಣಿ ಅವರಿಗೆಲ್ಲ ಮಜ್ಜಿಗೆ ಕೊಟ್ಟಳು. ನಮ್ಮ ಕೋಣೆಗೆ ಯಾವಾಗ ಬರುತ್ತಾರೆ ಎಂದು ಕಾದಳು.

ಕೊನೆಯ ದಿನ ಬಂದರು. ಉದ್ದನೆಯ ಬಿಳಿಯ ಪೆಟ್ಟಿಗೆಯೊಂದನ್ನು ಕಿಟಕಿಯ ಮೇಲೆ ಗೋಡೆಗೆ ತಿರುಪು ಹಾಕಿ ನಿಲ್ಲಿಸಿದರು. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು.

"ಪೈಪ್ ಎಲ್ಲೈತ್ರಿ? ಅಲ್ಲಿ ಜಗ್ಗಿದ್ರಲ್ಲ, ಹಂಗ?"

"ಅದು ಸೆಕೆಂಡ್ ಫೇಸಲ್ಲಿ ಬರುತ್ತೆ ಆಂಟಿ" ಎಂದ ಪ್ರಹ್ಲಾದ್. ಅವಳ ಕಡೆ ನೋಡಲಿಲ್ಲ. "ಇವತ್ತು ಫೋಟೋ ಬೇಕು."

ಫೋಟೋ ಎಂದಾಗ ಕೃಷ್ಣವೇಣಿ ತಲೆ ಬಾಚಿಕೊಂಡು, ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದಳು. ತ್ರಿವೇಣಿ ಬಾಗಿಲಲ್ಲಿ ನಿಂತಿದ್ದಳು.

"ಅಯ್ಯೋ, ಇದ್ಯಾಕೆ ಉಟ್ಕೊಂಡೆ? ರೇಷ್ಮೆ ಅಂತ ಗೊತ್ತಾಗಲ್ವಾ? ಆ ಮನೆಗೆಲಸದ್ದೇ ಹಾಕ್ಕೋ. ಬಳೆ ತೆಗಿ. ಆ ಟೀವಿ ಮೇಲೊಂದು ಬೆಡ್‌ಶೀಟ್ ಹಾಕಿ ಪ್ರಹ್ಲಾದ್. ಹಾಲಪ್ಪ ಅಲ್ಲೇ ಮಲಗಿರಲಿ, ಚೆನ್ನಾಗಿ ಬರುತ್ತೆ."

ಕೃಷ್ಣವೇಣಿ ಬಾತ್‌ರೂಮಿಗೆ ಹೋಗಿ ಸೀರೆ ಬಿಚ್ಚಿದಳು. ಬ್ಲೀಚಿನ ಕಲೆ ಬಿದ್ದ ಅಂಗಿ ತೊಟ್ಟಳು. ಬಳೆ ತೆಗೆಯುವಾಗ ಒಂದು ಒಡೆದು ಮಣಿಕಟ್ಟಿಗೆ ಗೀರಿತು. ಹೊರಗೆ ಬಂದು ಪೆಟ್ಟಿಗೆಯ ಕೆಳಗೆ ನಿಂತಳು. ಪ್ರಹ್ಲಾದ್ ಅವಳ ಕೈಗೆ ರಿಮೋಟ್ ಕೊಟ್ಟ.

"ಸ್ವಲ್ಪ ನಗಿ ಆಂಟಿ."

ನಕ್ಕಳು. ಹಾಸಿಗೆಯಲ್ಲಿದ್ದ ಹಾಲಪ್ಪ ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

ಆಮೇಲೆ ಪ್ರಹ್ಲಾದ್ ಬರಲಿಲ್ಲ. ಕೇಳಿದಾಗಲೆಲ್ಲ ಸತೀಶ "ಪಾರ್ಟ್ಸ್ ಬರಬೇಕು" ಎಂದ. ದೊಡ್ಡ ಮನೆಯ ಪಕ್ಕದ ಯಂತ್ರ ಮಾತ್ರ ಹಗಲೂ ಇರುಳೂ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ನೆಲ ಒರೆಸಲು ಹೋದರೆ ಕೃಷ್ಣವೇಣಿಯ ಮೈ ಜುಮ್ಮೆನ್ನುವಷ್ಟು ತಂಪು. ಒರೆಸುವಷ್ಟು ಹೊತ್ತು ಬೆವರು ಆರುತ್ತಿತ್ತು. ಹಾಗೆ ಆರಿದ್ದಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು. ಮೇಲೆ ಹಾಲಪ್ಪ ಬೇಯುತ್ತಿದ್ದ.

ಗಣೇಶನ ಹಬ್ಬದ ಊಟಕ್ಕೆ ಸತೀಶನ ಮನೆಗೆ ಕನ್ನಡ ಸಂಘದವರೆಲ್ಲ ಬಂದರು. ಕೃಷ್ಣವೇಣಿಗೆ ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಹಾಕಿಕೊಟ್ಟಿದ್ದರು. ಬೆಳಗಿನಿಂದ ಎಣ್ಣೆಯ ಮುಂದೆ ಕೂತು ಬಜ್ಜಿ, ಪೂರಿ ಕರಿಯುತ್ತಿದ್ದಳು. ಎಣ್ಣೆಯಲ್ಲಿ ಕರಿದದ್ದಕ್ಕೆ ಮೈಲಿಗೆಯ ಲೆಕ್ಕವಿರಲಿಲ್ಲ. ಮನೆಗೂ ಗ್ಯಾರೇಜಿಗೂ ನಡುವಿನ ಬಾಗಿಲು ಅರೆ ತೆರೆದಿತ್ತು. ಅಲ್ಲಿಂದ ತಂಪು ಒಂದು ಎಳೆಯಂತೆ ಬಂದು ಅವಳ ಪಾದ ಮುಟ್ಟುತ್ತಿತ್ತು. ಮಾತೂ ಬರುತ್ತಿತ್ತು.

"ಏನ್ ಕೂಲ್ ಆಗಿದೆ ರೀ ನಿಮ್ಮನೆ! ಹೀಟ್ ಪಂಪಾ?" ಎಂದದ್ದು ಡಲ್ಲಾಸ್ ಬಳಿಯ ಸೌತ್‌ಲೇಕಿನಿಂದ ಬಂದಿದ್ದ ಮೋಹನರಾಜ. "ನಾನೂ ವಿಚಾರಿಸ್ದೆ. ಸಬ್ಸಿಡಿ ಎಲ್ಲ ಬಡವರಿಗಂತೆ. ನಮ್ಮ ಇನ್‌ಕಮ್‌ಗೆ ಬರಲ್ಲ ಅಂದ್ರು. ನಿಮಗೆ ಹೇಗ್ರೀ ಸಿಕ್ತು?"

"ನಮ್ಮನೇಲೇ ಬಿಪಿಎಲ್ ಕಾರ್ಡಿನವರು ಇದ್ದಾರಲ್ಲ!" ಎಂದ ಸತೀಶ. "ಗ್ಯಾರೇಜ್ ಮೇಲೆ!"

ಒಳಗೆ ಎಲ್ಲರೂ ನಕ್ಕರು. ಹೆಂಗಸರ ನಗುವೂ ಕೇಳಿಸಿತು. ಯಾರೋ "ಸೂಪರ್ ಡಾಕ್ಟ್ರೇ" ಎಂದರು.

ಕೃಷ್ಣವೇಣಿಯ ಕೈಯಲ್ಲಿದ್ದ ಪೂರಿ ಜಾರಿ ಎಣ್ಣೆಗೆ ಬಿತ್ತು. ಎಣ್ಣೆ ಸಿಡಿದು ಮೊಳಕೈವರೆಗೆ ಸುಟ್ಟಿತು. ಅವಳು ಒಲೆ ಆರಿಸಿದಳು. ಕೈಯನ್ನು ಐಸಿನ ಡಬ್ಬಿಯಲ್ಲಿ ಅದ್ದಿ ಹಾಗೇ ನಿಂತಳು. ಪೆಟ್ಟಿಗೆಗೆ ಪೈಪು ಯಾಕಿಲ್ಲ ಎಂಬುದು ಈಗ ತಿಳಿಯಿತು. ಸತೀಶನಿಗೆ ಇವರ ಬಡತನ ಒಂದೇ ಬೇಕಾಗಿತ್ತು. ಅದನ್ನು ತೆಗೆದುಕೊಂಡು ಹೋಗಿ ದೊಡ್ಡ ಮನೆಗೆ ತಂಪು ಹಾಕಿಸಿಕೊಂಡಿದ್ದರು.

"ಪೂರಿ ಎಲ್ಲಿ ಕೃಷ್ಣವೇಣಿ?" ತ್ರಿವೇಣಿ ಬಾಗಿಲಲ್ಲಿ ಇಣುಕಿದಳು.

"ಮುಗದಾವ್ರಿ."

"ಹಿಟ್ಟಿದೆಯಲ್ಲ?"

"ನಾ ಮುಗಸೀನ್ರಿ" ಎಂದು ಕೃಷ್ಣವೇಣಿ ಮೆಟ್ಟಿಲು ಹತ್ತಿದಳು.

ಮೇಲೆ ಹಾಲಪ್ಪ ಹಾಸಿಗೆಯಿಂದ ಅರ್ಧ ಕೆಳಗೆ ಬಿದ್ದಿದ್ದ. ಮೈ ಕೆಂಡ. ಬೆವರೇ ಇರಲಿಲ್ಲ. ಕರೆದರೆ ಕಣ್ಣು ತೆರೆಯಲಿಲ್ಲ. ಅವಳು ಅಲ್ಲಿಂದಲೇ ಕಿರುಚಿದಳು. ಕೆಳಗೆ ಊಟಕ್ಕೆ ಬಂದವರಲ್ಲಿ ಡಾಕ್ಟರುಗಳಿದ್ದರು. ಒಬ್ಬಿಬ್ಬರಲ್ಲ, ಒಂದು ಹಾಲ್ ತುಂಬ ಇದ್ದರು. ಅವಳ ಕಿರುಚಾಟ ಕೇಳಿ ಮೊದಲು ಬಂದದ್ದು ಪಕ್ಕದ ಮನೆಯ ಬಿಳಿಯ ಮುದುಕ. ಆಂಬುಲೆನ್ಸ್ ಕರೆದವನೂ ಅವನೇ.

ಹಾಲಪ್ಪ ಬದುಕಿದ. ಆಸ್ಪತ್ರೆಯವರು, ಇವನನ್ನು ತಂಪಾದ ಕಡೆ ಇಡದಿದ್ದರೆ ಮುಂದಿನ ಸಲ ಬದುಕುವುದಿಲ್ಲ ಎಂದು ಹೇಳಿಯೇ ಕಳಿಸಿದರು. ಕೃಷ್ಣವೇಣಿ ತ್ರಿವೇಣಿಯ ಮುಂದೆ ನಿಂತಳು.

"ಅಕ್ಕಾರ, ಖೋಲಿಗೆ ಮಷಿನ್ ಬರೂಮಟ ಇವರನ್ನ ಕೆಳಗಿನ ಗೆಸ್ಟ್ ರೂಮಿನ್ಯಾಗ ಮಲಗಸ್ತೀನ್ರಿ. ಖಾಲೀನ ಐತಿ. ನೆಲದ ಮ್ಯಾಲೆ ಮಲಗ್ತಾರ."

ತ್ರಿವೇಣಿ ಮುಖ ಕೆಳಗೆ ಹಾಕಿದಳು. "ಅದು ದೇವರ ಮನೆ ಪಕ್ಕದ ರೂಮು ಕೃಷ್ಣವೇಣಿ. ಅಲ್ಲದೆ ಪೇಷಂಟು, ಇನ್‌ಫೆಕ್ಷನ್ ಅಂತೆಲ್ಲ ಇರುತ್ತೆ. ತಪ್ಪು ತಿಳ್ಕೋಬೇಡ. ಇನ್ನೊಂದು ಫ್ಯಾನ್ ಕೊಡ್ತೀನಿ."

ಫ್ಯಾನನ್ನು ಅವಳು ತೆಗೆದುಕೊಳ್ಳಲಿಲ್ಲ.

ಮರುವಾರ ಸತೀಶ ಬಂದು, ಆಸ್ಟಿನ್ನಿನ ಸರ್ಕಾರಿ ಆಫೀಸಿನಿಂದ ಯಂತ್ರ ನೋಡಲು ಬರುತ್ತಾರೆ ಎಂದ. ಅವರು ನೋಡಿ ಒಪ್ಪಿದರೆ ಮಾತ್ರ ಸಹಾಯಧನ ಕೈಗೆ ಬರುವುದಿತ್ತು.

"ಏನು ಕೇಳಿದ್ರೂ ಯೆಸ್ ಅನ್ನು. ಚೆನ್ನಾಗಿ ನಡೀತಿದೆ, ಇವತ್ತು ಮಾತ್ರ ಬ್ರೇಕರ್ ಟ್ರಿಪ್ ಆಗಿ ಕರೆಂಟ್ ಹೋಗಿದೆ ಅನ್ನು. ಉಳಿದಿದ್ದು ನಾನು ಮಾತಾಡ್ತೀನಿ."

"ಅದು ನಡಿಯಾಂಗಿಲ್ಲಲ್ರಿ ಸಾಹೇಬ್ರ."

"ನಡೆಯೋ ಹಾಗೆ ಮಾಡಿಸ್ತೀನಿ ಅಂತ ಹೇಳಿದೀನಲ್ಲ! ನೋಡು ಕೃಷ್ಣವೇಣಿ, ಈ ಏರಿಯಾದಲ್ಲಿ ನಿಮಗೆ ಬೇರೆ ಯಾರು ರೂಮ್ ಕೊಡ್ತಾರೆ? ಹಾಲಪ್ಪಂಗೆ ಡಯಾಲಿಸಿಸ್ ಇಲ್ಲೇ ಹತ್ತಿರ. ಯೋಚನೆ ಮಾಡು."

ಅವಳು ಯೋಚನೆ ಮಾಡಿದಳು. ಹಾಲಪ್ಪನನ್ನು ಕೇಳಿದಳು.

"ನಾ ಏನ್ ಹೇಳ್ಲಿ?" ಎಂದ ಹಾಲಪ್ಪ. ಮಾತಾಡಲೂ ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ನೀ ಫೋಟೋಕ್ಕ ನಕ್ಕೊಂತ ನಿಂತಿದ್ದು ನೋಡಿ ನನಗ ಸತ್ತಂಗಾತು. ಇನ್ನೊಮ್ಮೆ ನಗಬ್ಯಾಡ."

ಆಸ್ಟಿನ್ನಿನಿಂದ ಬಂದವಳು ಡೆನಿಸ್ ಎಂಬ ಕಪ್ಪು ಹೆಂಗಸು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲೊಂದು ಟ್ಯಾಬ್ಲೆಟ್. ಮೆಟ್ಟಿಲು ಹತ್ತುವಾಗಲೇ ಹಣೆ ಒರೆಸಿಕೊಂಡಳು. ಕೋಣೆಯೊಳಗೆ ಬಂದು ಗಕ್ಕನೆ ನಿಂತಳು. ಹಾಸಿಗೆಯಲ್ಲಿದ್ದ ಹಾಲಪ್ಪನನ್ನು ನೋಡಿದಳು. ಗೋಡೆಯ ಪೆಟ್ಟಿಗೆ ನೋಡಿದಳು.

"ಇದು ಚೆನ್ನಾಗಿ ತಂಪು ಮಾಡುತ್ತದೆಯೆ?" ಇಂಗ್ಲಿಷಿನಲ್ಲಿ, ನಿಧಾನವಾಗಿ, ನೇರ ಕೃಷ್ಣವೇಣಿಯನ್ನೇ ಕೇಳಿದಳು.

ಸತೀಶ ನಡುವೆ ಬಂದ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ತಾನು ಭಾಷಾಂತರ ಮಾಡುತ್ತೇನೆ ಎಂದ. ಕನ್ನಡಕ್ಕೆ ತಿರುಗಿ, "ಚೆನ್ನಾಗಿದೆಯಾ ಅಂತ ಕೇಳ್ತಿದಾರೆ. ಯೆಸ್ ಅನ್ನು" ಎಂದ.

ಕೃಷ್ಣವೇಣಿ ಸುಟ್ಟ ಕೈಗೆ ಸುತ್ತಿದ್ದ ಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಇಲ್ಲ" ಎಂದಳು.

ಸತೀಶ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದ. ಬ್ರೇಕರ್ ಎಂಬ ಪದ ಅವಳ ಕಿವಿಗೆ ಬಿತ್ತು.

"ನೀವು ಸುಮ್ನಿರ್ರಿ!" ಎಂದಳು. ಆ ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಡೆನಿಸಳ ಕಡೆ ತಿರುಗಿದಳು. "ನೋ. ನೋ ವರ್ಕ್. ನೋ ಪೈಪ್. ಓನ್ಲಿ ಫೋಟೋ."

"ಕೃಷ್ಣವೇಣಿ!"

"ಮೈ ಹಸ್ಬೆಂಡ್ ಹಾಸ್ಪಿಟಲ್. ಹೀಟ್. ದಿಸ್ ಬಾಕ್ಸ್, ಲೈ."

ಕುರ್ಚಿ ಎಳೆದು ಗೋಡೆಗಿಟ್ಟಳು. ಹತ್ತಿರಿ ಎಂದು ಕೈ ತೋರಿಸಿದಳು. ಡೆನಿಸ್ ಹತ್ತಿದಳು. ಪೆಟ್ಟಿಗೆಯ ಮುಚ್ಚಳ ಎತ್ತಿದಳು, ಹಿಂದೆ ಕೈ ಹಾಕಿದಳು, ಗೋಡೆ ತಡವಿದಳು. ಒಂದು ತೂತೂ ಇರಲಿಲ್ಲ. ಅವಳು ಕೆಳಗಿಳಿದು ಸತೀಶನನ್ನು ಒಂದು ಮಾತೂ ಕೇಳಲಿಲ್ಲ. ಗೋಡೆಯ ಫೋಟೋ ತೆಗೆದುಕೊಂಡಳು. ಕೃಷ್ಣವೇಣಿಯ ಫೋನ್ ನಂಬರ್ ಬರೆದುಕೊಂಡಳು. ದೂರು ಹೇಳಿದ್ದಕ್ಕೆ ಯಾರೂ ನಿಮ್ಮನ್ನು ಹೊರಗೆ ಹಾಕುವಂತಿಲ್ಲ ಎಂದು ಸತೀಶನಿಗೆ ಕೇಳುವಂತೆ ಹೇಳಿ ಹೋದಳು.

ಯಾರೂ ಹೊರಗೆ ಹಾಕಲಿಲ್ಲ. ಮನೆಗೆಲಸಕ್ಕೆ ಬರಬೇಡ ಎಂದರು. ರೊಟ್ಟಿ ಕೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಬೇಡ ಎಂದರು. ಸಂಘದ ವಾಟ್ಸಾಪ್ ಗುಂಪಿನಲ್ಲಿ, ಆಶ್ರಯ ಕೊಟ್ಟವರಿಗೆ ದ್ರೋಹ ಮಾಡಿದವರು ಎಂದು ಬರೆದಿದ್ದಾರಂತೆ. ಅವಳು ಆ ಗುಂಪಿನಲ್ಲಿ ಇರಲಿಲ್ಲ. ದಾರಿಯಲ್ಲಿ ಸಿಕ್ಕ ಒಬ್ಬಳು ಹೇಳಿದಳು.

ಸತೀಶ ಇನ್ನೊಮ್ಮೆ ಮೆಟ್ಟಿಲು ಹತ್ತಿದ. ಈ ಸಲ ಕುಳಿತುಕೊಳ್ಳಲಿಲ್ಲ.

"ಹಾಲಪ್ಪನವರೇ, ನೋಡಿ, ಆದದ್ದು ಆಗಿಹೋಯ್ತು. ಇವರು ಆಫೀಸಿಗೆ ಒಂದು ಫೋನ್ ಮಾಡಿ, ಇಂಗ್ಲಿಷ್ ಸರಿಯಾಗಿ ಅರ್ಥ ಆಗಿರಲಿಲ್ಲ, ತಪ್ಪಾಗಿ ಹೇಳ್ಬಿಟ್ಟೆ ಅಂದ್ರೆ ಸಾಕು. ಅದರ ಮಾರನೇ ದಿನವೇ ಪ್ರಹ್ಲಾದ್ ಬಂದು ಪೈಪ್ ಎಳೀತಾರೆ. ನಿಮ್ಮ ಆರೋಗ್ಯಕ್ಕೇ ಒಳ್ಳೇದು."

ಕೃಷ್ಣವೇಣಿ ಗಂಡನ ಮುಖ ನೋಡಿದಳು. ಒಂದು ಗಳಿಗೆ ಅವಳ ಮನಸ್ಸು ಆಡಿತು. ತಂಪು ಬಂದರೆ ಸಾಕು, ಮಾನ ಹಾಳಾಗಲಿ ಅನಿಸಿತು. ಅನಿಸಿದ್ದು ಸುಳ್ಳಲ್ಲ.

"ಮೊದಲ ಪೈಪ್ ಎಳಸ್ರಿ" ಎಂದ ಹಾಲಪ್ಪ.

"ಇಲ್ಲ, ಮೊದಲು ಫೋನ್ ಮಾಡಿದ್ರೆ..."

"ನಾ ಸತ್ರೂ ನೀವು ಮೊದಲ ಫೋನ್ ಮಾಡು ಅಂತೀರಿ." ಹಾಲಪ್ಪ ಮೊಳಕೈ ಊರಿ ಎದ್ದು ಕುಳಿತ. "ನೀವು ಡಾಕ್ಟರು. ಇಷ್ಟು ದಿನಾ ನನ್ನ ಕೈ ಹಿಡಿದು ನಾಡಿ ನೋಡಲಿಲ್ಲ. ಈಗ ಆರೋಗ್ಯ ಅಂತೀರಿ. ಇಳೀರಿ ಕೆಳಗ."

ಸತೀಶ ಇಳಿದ.

ಹಾಲಪ್ಪ ಮತ್ತೆ ಆಸ್ಪತ್ರೆ ಸೇರಿದ. ಈ ಸಲ ಕೃಷ್ಣವೇಣಿ ಅವನನ್ನು ಆ ಕೋಣೆಗೆ ಕರೆತರಲಿಲ್ಲ. ಟ್ರಂಕು, ಹಂಚು, ಟೀವಿಗಳನ್ನು ಅವಳೇ ಹೊತ್ತು ಇಳಿಸಿದಳು. ಕೊನೆಯ ಸಲ ಇಳಿಯುವಾಗ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಅಡುಗೆಮನೆಯ ಕಿಟಕಿಯಲ್ಲಿ ತ್ರಿವೇಣಿ ನಿಂತಿದ್ದಳು. ಪರದೆ ಎಳೆದುಕೊಂಡಳು.

ಹಿಲ್‌ಕ್ರಾಫ್ಟಿನ ಹಿಂದಿನ ಬೀದಿಯ ಹಳೇ ಅಪಾರ್ಟ್‌ಮೆಂಟಿನಲ್ಲಿ ಒಂದು ರೂಮು ಸಿಕ್ಕಿತು. ಹಾಲಪ್ಪ ದುಡಿದ ಹೋಟೆಲಿನಲ್ಲೇ ಅವಳಿಗೆ ಪಾತ್ರೆ ತೊಳೆಯುವ ಕೆಲಸ. ರೂಮಿನ ಎಸಿ ಒಮ್ಮೆ ನಡೆಯುತ್ತದೆ, ಒಮ್ಮೆ ನಿಲ್ಲುತ್ತದೆ. ಡಯಾಲಿಸಿಸ್‌ಗೆ ಈಗ ಎರಡು ಬಸ್ಸು ಬದಲಿಸಬೇಕು. ಬಸ್ ಸ್ಟಾಪಿನಲ್ಲಿ ನೆರಳಿಲ್ಲ. ಕೃಷ್ಣವೇಣಿ ಗಂಡನ ತಲೆಗೆ ಕೊಡೆ ಹಿಡಿದು ನಿಲ್ಲುತ್ತಾಳೆ.

ಆಸ್ಟಿನ್ನಿನಿಂದ ಫೋನ್ ಬಂದದ್ದು ಒಂದು ಮಧ್ಯಾಹ್ನ, ಅವಳು ಹೋಟೆಲಿನ ಹಿಂಬಾಗಿಲಲ್ಲಿ ತಪ್ಪಲೆ ಉಜ್ಜುತ್ತಿದ್ದಾಗ. ಮಾತಾಡಿದವನು ಯಾರೋ ಅಧಿಕಾರಿ. ಜೊತೆಗೆ ಕನ್ನಡಕ್ಕೆ ತಿರುಗಿಸಿ ಹೇಳಲು ಒಂದು ಹೆಣ್ಣುದನಿ, ಬೆಂಗಳೂರಿನ ಕಡೆಯ ಮಾತು.

"ಮೇಡಂ, ನೀವು ಹೇಳಿದ್ದು ನಿಜ ಅಂತ ತನಿಖೆಯಲ್ಲಿ ಗೊತ್ತಾಗಿದೆಯಂತೆ. ಆ ಮನೆಯ ಸಹಾಯಧನವನ್ನ ರದ್ದು ಮಾಡಿದ್ದಾರಂತೆ. ನಿಮಗೆ ಧನ್ಯವಾದ ಹೇಳ್ತಿದ್ದಾರೆ."

"ನಮ್ಮ ಮಷಿನ್ ಏನಾತ್ರಿ? ನಮ್ಮ ಹೆಸರಿಗೆ ಬಂದಿತ್ತಲ್ರಿ ಅದು."

ಆ ಕಡೆ ಇಂಗ್ಲಿಷಿನಲ್ಲಿ ಮಾತು ನಡೆಯಿತು.

"ಮೇಡಂ, ಸಹಾಯಧನ ಆ ವಿಳಾಸಕ್ಕೆ ಸೇರಿದ್ದಂತೆ. ನೀವೀಗ ಅಲ್ಲಿ ಇಲ್ಲ. ನೀವಾಗಿಯೇ ಬಿಟ್ಟು ಹೋಗಿದ್ದೀರಿ ಅಂತ ರೆಕಾರ್ಡ್ ಆಗಿದೆಯಂತೆ. ಹಾಗಾಗಿ ನಿಮಗೆ ಅರ್ಹತೆ ಇಲ್ಲ. ಹೊಸ ಮನೆಯ ಓನರ್ ಅರ್ಜಿ ಹಾಕಿದ್ರೆ ನೋಡ್ತಾರಂತೆ. ಇನ್ನೇನಾದ್ರೂ ಕೇಳೋದು ಇದೆಯಾ?"

ಕೃಷ್ಣವೇಣಿ ನಲ್ಲಿ ನಿಲ್ಲಿಸಿದಳು. ಸೋಪಿನ ಕೈಯನ್ನು ಸೊಂಟಕ್ಕೆ ಒರೆಸಿಕೊಂಡಳು.

"ಐತ್ರಿ. ಕೇಳ್ರಿ ಅವರನ್ನ. ನಾವಾಗಿ ಬಿಟ್ಟೀವಿ ಅಂತ ಯಾರು ಬರಕೊಂಡ್ರು? ಗಂಡನ ಹೆಣಾ ಹೊತ್ತುಕೊಂಡು ಇಳೀಬೇಕಿತ್ತೇನು ನಾನು? ಸೆಕಿ ಹತ್ತೂದು ಗ್ವಾಡಿಗೋ, ಮನಷ್ಯಾಗೋ? ಓನರ್ ಅರ್ಜಿ ಹಾಕಬೇಕು ಅಂತಾರ. ಓನರ್ ಹಾಕಿದ್ದಕ್ಕೇ ಹಿಂಗಾತು. ಬಡವರು ನಾವು. ಅರ್ಜಿ ನಾವ್ಯಾಕ ಹಾಕಬಾರದು?"

ಹೆಣ್ಣುದನಿ ತಡವರಿಸಿತು. "ಮೇಡಂ, ನಾನು ಇದನ್ನ ಸ್ವಲ್ಪ ಚಿಕ್ಕದಾಗಿ..."

"ಬ್ಯಾಡ್ರಿ. ಚಿಕ್ಕದ ಮಾಡಬ್ಯಾಡ್ರಿ ತಂಗಿ. ನಾ ಅಂದಷ್ಟೂ ಹೇಳ್ರಿ. ಹೆಣಾ ಅಂದೀನಿ, ಅದನ್ನೂ ಹೇಳ್ರಿ."

ಆಮೇಲೆ ಆ ಹೆಣ್ಣುದನಿ ಗಂಟಲು ಸರಿಮಾಡಿಕೊಂಡು, ಒಂದೊಂದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳತೊಡಗಿತು. ಕೃಷ್ಣವೇಣಿ ಫೋನನ್ನು ಕಿವಿಗೆ ಒತ್ತಿಕೊಂಡು, ಎಲ್ಲಾ ಹೇಳುತ್ತಿದ್ದಾಳೋ ಇಲ್ಲವೋ ಎಂದು ಕೇಳುತ್ತ ನಿಂತಳು.